ಅಕ್ಕ ಮುಟ್ಟದ ಫೈಲು

ಬೆಳ್ತಂಗಡಿ ಕಚೇರಿಯ ಟೈಪಿಸ್ಟ್ ಅಕ್ಕನನ್ನು ಕೆಲಸದಿಂದ ತೆಗೆದವರು ಯಜಮಾನರು. ತೆಗೆಯಲು ಬೇಕಾದ ವಾದವನ್ನು ಒದಗಿಸಿದವಳು ನಾನು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಒಬ್ಬರಿಗೆ ಕೊಡುವ ಸಮಯಕ್ಕಿಂತ ತುಸು ಜಾಸ್ತಿ, ಅಷ್ಟೆ. ವಾದ ಚೆನ್ನಾಗಿತ್ತು. ಸುಳ್ಳಾಗಿತ್ತು.

ಯಜಮಾನರು ದಸ್ತಾವೇಜು ಬರಹಗಾರರು. ಜಾಗ ಕೊಳ್ಳುವವರು, ಮಾರುವವರು, ಅಣ್ಣತಮ್ಮಂದಿರು ಪಾಲಾಗುವವರು ನೋಂದಣಿಗೆ ಮೊದಲು ಪತ್ರ ಬರೆಸುವುದು ಇಂಥವರ ಹತ್ತಿರ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಮೂರೂ ಕಡೆ ಅವರಿಗೆ ಕಚೇರಿ ಇದೆ. ಮೂರು ಕಚೇರಿ ಎಂದರೆ ಮೂವರು ಟೈಪಿಸ್ಟರು, ಫೈಲಿಗೆ ಹೆಸರಿಡುವ ಮೂರು ಪದ್ಧತಿ. ಬಂಟ್ವಾಳದಲ್ಲಿ ಸರ್ವೆ ನಂಬರಿನ ಮೇಲೆ, ಮೂಡುಬಿದಿರೆಯಲ್ಲಿ ತಾರೀಖಿನ ಮೇಲೆ, ಬೆಳ್ತಂಗಡಿಯಲ್ಲಿ ಕಕ್ಷಿಗಾರರ ಮನೆಯ ಹೆಸರಿನ ಮೇಲೆ. ಒಂದು ಕಚೇರಿಯ ಪತ್ರ ಇನ್ನೊಂದಕ್ಕೆ ಬೇಕಾದರೆ ಫೋನು, ವಾಟ್ಸಾಪು, ಕೊನೆಗೆ ಬಸ್ಸಿನಲ್ಲಿ ಬರುವ ಪೆನ್‌ಡ್ರೈವು.

"ಎಲ್ಲ ಒಂದೇ ಕಡೆ ಕಾಣ್ಬೇಕು ಮಾರಾಯ್ರೆ," ಎಂದರು ಯಜಮಾನರು. "ಆದ್ರೆ ಹೊಸ ಸಾಫ್ಟ್‌ವೇರ್ ಅಂತ ತಂದು ಇಡ್ಬೇಡಿ. ಮೂರನೇ ದಿನಕ್ಕೆ ಧೂಳು ಹಿಡಿತದೆ. ಇವರಿಗೆ ಫೋಲ್ಡರ್ ಅಂದ್ರೆ ಫೋಲ್ಡರೇ ಆಗ್ಬೇಕು. ಅವರವರ ಅಭ್ಯಾಸ ಅವರವರಿಗೆ ಇರ್ಲಿ."

ನಾನು ಕಲ್ಲಡ್ಕದವಳು. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ವೇದಿಕೆ ಹತ್ತಿದರೆ ಕನ್ನಡ. ಆಗ ನನ್ನ ಹತ್ತಿರ ಬೇರೆ ಕೆಲಸ ಇರಲಿಲ್ಲ, ಅಭಿಪ್ರಾಯಗಳು ಮಾತ್ರ ಬೇಕಾದಷ್ಟು ಇದ್ದವು. ಒಪ್ಪಿಕೊಂಡೆ.

ಯಜಮಾನರು ತಮಗೇ ತಿಳಿಯದೆ ಕೇಳಿದ್ದು ಒಂದು ಫೈಲ್ ಸಿಸ್ಟಮ್ಮು, ಅಂದರೆ ಯಾವ ಫೈಲು ಎಲ್ಲಿದೆ, ಒಳಗೇನಿದೆ ಎಂದು ಲೆಕ್ಕ ಇಡುವ ವ್ಯವಸ್ಥೆ. ಸಾಮಾನ್ಯವಾಗಿ ಅದು ಕಂಪ್ಯೂಟರಿನ ತೀರಾ ಒಳಗೆ, ಕರ್ನಲ್ ಎಂಬ ಭಾಗದಲ್ಲಿ ಇರುತ್ತದೆ. ಅಲ್ಲಿ ಕೈಯಾಡಿಸಿ ಎಡವಿದರೆ ಇಡೀ ಯಂತ್ರವೇ ನಿಲ್ಲುತ್ತದೆ. ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆಯಲ್ಲಿ ಇದಕ್ಕೊಂದು ಬಳಸುದಾರಿ ಇದೆ. ನಾವು ಗುರುತಿಸಿಟ್ಟ ಫೋಲ್ಡರಿನ ಬಗ್ಗೆ ಏನೇ ಪ್ರಶ್ನೆ ಬಂದರೂ ಕರ್ನಲ್ ತಾನು ಉತ್ತರಿಸದೆ, ನಾವು ಬರೆದ ಒಂದು ಸಾಮಾನ್ಯ ಪ್ರೋಗ್ರಾಮಿಗೆ ದಾಟಿಸುತ್ತದೆ. ಇದರೊಳಗೆ ಏನೇನಿದೆ? ಈ ಫೈಲು ಎಷ್ಟು ದೊಡ್ಡದು? ಇದರ ಮೊದಲ ಪುಟ ಕೊಡು. ಇದರ ಮೇಲೆ ಇದನ್ನು ಬರೆ. ಪ್ರೋಗ್ರಾಂ ಏನು ಹೇಳುತ್ತದೋ ಅದೇ ಸತ್ಯ. ಎಲ್ಲಿಯೂ ಇಲ್ಲದ ಫೋಲ್ಡರನ್ನು ಇದೆ ಎಂದರೆ ಅದು ಪರದೆಯ ಮೇಲೆ ಬರುತ್ತದೆ, ಜನ ಅದನ್ನು ತೆರೆದು ಕೆಲಸ ಮಾಡುತ್ತಾರೆ. ವಾದ ಮಾಡಿಯೇ ಬೆಳೆದವಳಿಗೆ ಇದಕ್ಕಿಂತ ರುಚಿಯಾದ ಕೆಲಸ ಸಿಕ್ಕಲಾರದು. ಕೇಳುವವರು ಎದುರು ಪ್ರಶ್ನೆ ಹಾಕುವುದೇ ಇಲ್ಲ.

ಬಂಟ್ವಾಳದ ಕಚೇರಿಯಲ್ಲಿ ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಅದರಲ್ಲಿ ಪ್ರೋಗ್ರಾಂ ಓಡಿಸಿದೆ. ಉಳಿದೆರಡು ಕಚೇರಿಗಳಿಗೆ ಅದು ನೆಟ್‌ವರ್ಕ್ ಡ್ರೈವ್ ಆಗಿ ಕಾಣುತ್ತಿತ್ತು. ಒಳಗೆ ಪ್ರತಿ ಪತ್ರಕ್ಕೂ ಒಂದು ನಂಬರು, ಹೆಸರುಗಳೆಲ್ಲ ಬರೀ ಚೀಟಿಗಳು. ಒಂದೇ ಕ್ರಯಪತ್ರ ಬಂಟ್ವಾಳದವರಿಗೆ ಸರ್ವೆ ನಂಬರಿನಡಿ, ಮೂಡುಬಿದಿರೆಯವರಿಗೆ ತಾರೀಖಿನಡಿ, ಬೆಳ್ತಂಗಡಿಯವರಿಗೆ ಮನೆ ಹೆಸರಿನಡಿ ಕಾಣಿಸಬೇಕು. ಹೇಳುವುದಕ್ಕೆ ಎರಡು ವಾಕ್ಯ, ಮಾಡುವುದಕ್ಕೆ ಎರಡೂವರೆ ತಿಂಗಳು.

ಮೊದಲ ಪೆಟ್ಟು ಬಂದದ್ದು "ಸೇವ್" ಎಂಬ ಗುಂಡಿಯಿಂದ. ಸೇವ್ ಒತ್ತಿದರೆ ಫೈಲಿನ ಮೇಲೆಯೇ ಬರೆಯುತ್ತದೆ ಎಂದು ನಾವು ತಿಳಿದಿರುತ್ತೇವೆ. ಈಗಿನ ವರ್ಡ್ ಪ್ರೊಸೆಸರುಗಳು ಹಾಗೆ ಮಾಡುವುದಿಲ್ಲ. ಬೇರೆ ತಾತ್ಕಾಲಿಕ ಫೈಲಿನಲ್ಲಿ ಬರೆದು, ಹಳೆಯದನ್ನು ಬದಿಗೆ ಸರಿಸಿ, ಹೊಸದಕ್ಕೆ ಹಳೆಯ ಹೆಸರು ಕೊಡುತ್ತವೆ. ನನ್ನ ಪ್ರೋಗ್ರಾಮಿಗೆ ಅದು ಯಾವುದೋ ಅನಾಮಧೇಯ ಹೊಸ ಫೈಲು. ಬಂಟ್ವಾಳದವರು ತಿದ್ದಿ ಸೇವ್ ಮಾಡಿದ ಪತ್ರ ಉಳಿದಿಬ್ಬರ ಪರದೆಯಿಂದ ಮಾಯವಾಗುತ್ತಿತ್ತು. ಹೆಸರು ಬದಲಾಗುವ ಕ್ಷಣದಲ್ಲಿ ಹಳೆಯದರ ಚೀಟಿಗಳನ್ನು ಹೊಸದಕ್ಕೆ ಅಂಟಿಸುವ ವ್ಯವಸ್ಥೆ ಮಾಡಲು ಹತ್ತು ದಿನ ಹಿಡಿಯಿತು.

ಎರಡನೆಯದು ಜಾಗದ ಸಮಸ್ಯೆ. ಒಂದೇ ಪಹಣಿ, ಒಂದೇ ಗುರುತಿನ ಚೀಟಿ, ಸ್ಕ್ಯಾನಾಗಿ ಮೂರು ಕಚೇರಿಗಳಿಂದಲೂ ಬಂದು ಕೂರುತ್ತಿತ್ತು. ಡಿಸ್ಕ್ ತುಂಬತೊಡಗಿತು. ಹಾಗಾಗಿ ಒಂದು ನಿಯಮ ಮಾಡಿದೆ: ಎರಡು ಫೈಲುಗಳೊಳಗೆ ಇರುವುದು ಅಕ್ಷರಶಃ ಒಂದೇ ಆದರೆ ಒಂದನ್ನೇ ಇಟ್ಟುಕೊಂಡು ಎರಡು ಹೆಸರು ಅಂಟಿಸು. ಯಾರಾದರೂ ಒಂದನ್ನು ತಿದ್ದಲು ಹೊರಟರೆ, ಆಗ ಅವರಿಗೆಂದು ಬೇರೆ ಪ್ರತಿ ಮಾಡಿಕೊಡು. ಒಬ್ಬರ ತಿದ್ದುಪಡಿ ಇನ್ನೊಬ್ಬರಿಗೆ ತಾಗಬಾರದು. ನಿಯಮದಲ್ಲಿ ತಪ್ಪಿರಲಿಲ್ಲ. ಇವತ್ತಿಗೂ ಇಲ್ಲ.

ಮೂರನೆಯದು ಅಕ್ಕನ ದೂರು.

ಅಕ್ಕ ಇಪ್ಪತ್ತು ವರ್ಷದಿಂದ ಒಂದೇ ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಕೆಲಸ ಮಾಡಿದವರು. ಬೆರಳು ಅದಕ್ಕೇ ಒಗ್ಗಿತ್ತು. ಖಾಲಿ ಹಾಳೆಯಿಂದ ಪತ್ರ ಶುರು ಮಾಡುವುದು ಅವರಿಗೆ ಗೊತ್ತೇ ಇರಲಿಲ್ಲ ಎನ್ನಬೇಕು. ಯಾವ ದಸ್ತಾವೇಜು ಕಚೇರಿಯಲ್ಲಿಯೂ ಹಾಗೆ ಮಾಡುವುದಿಲ್ಲ. ಅದೇ ಊರಿನ, ಸಾಧ್ಯವಾದರೆ ಅದೇ ಬದಿಯ ಜಾಗದ ಹಳೆಯ ಪತ್ರ ಹುಡುಕಿ, ಅದನ್ನು ಕಾಪಿ ಮಾಡಿ, ಕಾಪಿಗೆ ಹೊಸ ಹೆಸರಿಟ್ಟು, ಅದರೊಳಗೆ ಹೆಸರು, ವಿಸ್ತೀರ್ಣ, ಚಕ್ಕುಬಂದಿ ಬದಲಿಸುವುದು. ಚಕ್ಕುಬಂದಿ ಎಂದರೆ ಜಾಗದ ನಾಲ್ಕು ದಿಕ್ಕಿಗೆ ಏನಿದೆ ಎಂಬ ವಿವರ. ಅದು ಹಳೆಯದರಿಂದಲೇ ಬಂದರೆ ತಪ್ಪು ಕಡಿಮೆ.

"ನಿಮ್ಮ ಡ್ರೈವಿಗೆ ಹಾಕಿದ ಮೇಲೆ ಸೇವ್ ಒತ್ತಿ ಒಂದು ಚಾ ಕುಡ್ದು ಬರ್ಬಹುದು," ಎಂದರು ಅಕ್ಕ ಫೋನಿನಲ್ಲಿ. "ಮೊನ್ನೆ ನಾನು ಚಾ ಕುಡ್ದು, ಗ್ಲಾಸ್ ತೊಳ್ದು ಬಂದೆ. ಇನ್ನೂ ತಿರುಗ್ತಾ ಉಂಟು."

ಕಾರಣ ಸಿಕ್ಕಿತು. ಅವರ ಹಳೆಯ ತಂತ್ರಾಂಶ ತಾತ್ಕಾಲಿಕ ಫೈಲಿನ ಸರ್ಕಸ್ ಮಾಡುವುದಿಲ್ಲ. ಸೇವ್ ಎಂದರೆ ಅದೇ ಫೈಲನ್ನು ಪೂರ್ತಿ ಖಾಲಿ ಮಾಡಿ ಮೊದಲಿಂದ ಬರೆಯುತ್ತದೆ. ನನ್ನ ಪ್ರೋಗ್ರಾಂ ಮಾತ್ರ ಖಾಲಿ ಮಾಡುವ ಮೊದಲು ನಿಯಮದಂತೆ ಇಡೀ ಫೈಲನ್ನು ಬೇರೆ ಪ್ರತಿ ಮಾಡುತ್ತಿತ್ತು. ನಕ್ಷೆ ಅಂಟಿಸಿದ ದೊಡ್ಡ ಪತ್ರವಾದರೆ ಆ ಹಳೆಯ ಡಿಸ್ಕಿಗೆ ಏದುಸಿರು. ಹೇಗೂ ಖಾಲಿ ಮಾಡುವುದನ್ನು ನಕಲು ಮಾಡುವುದೇಕೆ? ನನ್ನನ್ನೇ ಕೇಳಿಕೊಂಡೆ, ನಾನೇ ಉತ್ತರಿಸಿದೆ. ಖಾಲಿ ಮಾಡಲು ಬಂದವರಿಗೆ ನಕಲು ಬೇಡ, ನೇರ ಖಾಲಿ ಮಾಡು. ನಾಲ್ಕು ಸಾಲು ಅಳಿಸಿದೆ. ಸೇವ್ ಸರಕ್ಕನೆ ಆಯಿತು. ಅಕ್ಕ ಫೋನು ಮಾಡಿ, "ಈಗ ಚಾ ಕುಡಿಲಿಕ್ಕೇ ಪುರುಸೊತ್ತಿಲ್ಲ," ಎಂದರು. ಇಬ್ಬರೂ ನಕ್ಕೆವು.

ಐದಾರು ವಾರ ಕಳೆದು ಮುಂಡಾಜೆಯ ಒಂದು ಕುಟುಂಬ ಬೆಳ್ತಂಗಡಿ ಕಚೇರಿಗೆ ಬಂತು. ಅಣ್ಣತಮ್ಮಂದಿರ ಪಾಲುಪಟ್ಟಿ. ಕರಡು ಹದಿನೈದು ದಿನ ಮೊದಲೇ ಅಕ್ಕ ತಯಾರಿಸಿ, ಓದಿ ಹೇಳಿ, ಅವರು ಹೇಳಿದ ತಿದ್ದುಪಡಿ ಹಾಕಿ ಇಟ್ಟಿದ್ದರು. ಕಿರಿಯ ತಮ್ಮ ದುಬೈಯಿಂದ ಸಹಿಗೆಂದೇ ಬಂದವನು, ಎರಡು ದಿನದಲ್ಲಿ ವಾಪಸು. ಫೈಲು ತೆರೆದರೆ ಒಳಗಿದ್ದದ್ದು ಬೇರೆ ಯಾರದೋ ಕ್ರಯಪತ್ರ. ಅದೇ ಊರು, ಆದರೆ ಬೇರೆ ಮನೆ, ಬೇರೆ ಜನ.

"ನಮ್ಮ ಜಾಗ ಯಾರಿಗೆ ಮಾರಿದ್ರಿ ನೀವು?" ಎಂದು ಆ ತಮ್ಮ ಕೇಳಿದನಂತೆ. ಅವನು ತಮಾಷೆಗೆ ಕೇಳಿರಬಹುದು. ಹಿರಿಯಣ್ಣ ತಮಾಷೆ ಎಂದು ತಿಳಿಯಲಿಲ್ಲ.

ಯಜಮಾನರು ನನ್ನನ್ನು ಬರಹೇಳಿದರು. ನಾನು ಬಂಟ್ವಾಳದಲ್ಲಿಯೇ ದಾಖಲೆ ತೆಗೆದೆ. ಯಾವ ಲಾಗಿನ್, ಎಷ್ಟು ಹೊತ್ತಿಗೆ, ಯಾವ ಫೈಲನ್ನು ತೆರೆಯಿತು, ಬರೆಯಿತು, ಎಲ್ಲವನ್ನೂ ಪ್ರೋಗ್ರಾಂ ಬರೆದಿಡುತ್ತಿತ್ತು. ಹುಡುಕಿದಾಗ ಇನ್ನೂ ಹನ್ನೊಂದು ಹಳೆಯ ಪತ್ರಗಳು ಹೀಗೆ ಹಾಳಾಗಿದ್ದವು. ಎಲ್ಲವೂ ಬೆಳ್ತಂಗಡಿಯ ಲಾಗಿನ್. ಎಲ್ಲದರಲ್ಲಿಯೂ ಒಂದೇ ಸಾಲು: ಹಳೆಯ ಪತ್ರ ತೆರೆಯಲಾಗಿದೆ, ಖಾಲಿ ಮಾಡಲಾಗಿದೆ, ಬರೆಯಲಾಗಿದೆ. ಪ್ರಿಂಟ್ ತೆಗೆದುಕೊಂಡು ಬೆಳ್ತಂಗಡಿ ಬಸ್ಸು ಹತ್ತಿದೆ.

ಕೋಣೆಯಲ್ಲಿ ಯಜಮಾನರು, ಮುಂಡಾಜೆಯ ಮೂವರು, ಸರದಿಗೆ ಕಾದಿದ್ದ ಇಬ್ಬರು ಕಕ್ಷಿಗಾರರು, ಪಕ್ಕದ ಕಚೇರಿಯ ಇನ್ನೊಬ್ಬ ದಸ್ತಾವೇಜು ಬರಹಗಾರರು. ಅಕ್ಕ ತುಳುವಿನಲ್ಲಿ ಶುರು ಮಾಡಿದರು. ನಾನು ಕನ್ನಡದಲ್ಲಿ ಉತ್ತರಿಸಿದೆ. ಬೇಕೆಂದೇ ಮಾಡಿದೆನೋ ಅಭ್ಯಾಸದಿಂದಲೋ, ಈಗ ಖಚಿತವಾಗಿ ಹೇಳಲಾರೆ. ಅಕ್ಕ ಕನ್ನಡಕ್ಕೆ ಬರಬೇಕಾಯಿತು. ನಾವು ಯಾರೂ ಬರೆಯಲಾರದಂಥ ಕನ್ನಡವನ್ನು ದಿನವೂ ಟೈಪ್ ಮಾಡುವವರು ಮಾತಿಗೆ ನಿಂತಾಗ ಒಂದೊಂದೇ ಶಬ್ದ ಹುಡುಕಿ ತೆಗೆಯಬೇಕಾಗಿತ್ತು.

"ನಾನು ಹಳೆಯದನ್ನು ತೆರೀಲೇ ಇಲ್ಲ. ಕಾಪಿ ಮಾಡಿದ್ದು. ಕಾಪಿಯಲ್ಲಿ ಬರ್ದದ್ದು. ಇಪ್ಪತ್ತು ವರ್ಷದಿಂದ ಹಾಗೆಯೇ ಮಾಡ್ತಾ ಬಂದದ್ದು."

"ಇಪ್ಪತ್ತು ವರ್ಷ ಸರಿಯಾಗಿ ಮಾಡಿದ್ದೀರಿ ಎಂಬುದು ಮೊನ್ನೆ ತಪ್ಪಲಿಲ್ಲ ಎಂಬುದಕ್ಕೆ ಪುರಾವೆಯಲ್ಲ," ಎಂದೆ.

"ಹಾಗಾದ್ರೆ ಹೊಸ ಪತ್ರ ಅದರ ಹೆಸರಿನಲ್ಲಿಯೇ ಉಂಟಲ್ಲ? ನಾನು ಹಳೆಯದರ ಮೇಲೆಯೇ ಬರ್ದದ್ದಾದ್ರೆ ಹೊಸದು ಎಲ್ಲಿಂದ ಬಂತು?"

ಈ ಪ್ರಶ್ನೆಗೆ ನಾನು ಅಲ್ಲಿಯೇ ನಿಲ್ಲಬೇಕಿತ್ತು. ನನಗೆ ತರಬೇತಿ ಇದ್ದದ್ದು ಉತ್ತರವಿಲ್ಲದಿದ್ದಾಗ ಒಂದನ್ನು ಅಲ್ಲಿಯೇ ಹೊಸೆಯುವುದರಲ್ಲಿ.

"ಮೊದಲು ಹಳೆಯದರಲ್ಲಿ ತಿದ್ದಿ ಸೇವ್ ಮಾಡಿದ್ದೀರಿ. ಆಮೇಲೆ ನೆನಪಾಗಿ ಹೊಸ ಹೆಸರಿನಲ್ಲಿ ಇನ್ನೊಮ್ಮೆ ಮಾಡಿದ್ದೀರಿ."

ಯಜಮಾನರು ತಲೆಯಾಡಿಸಿದರು. ಅಕ್ಕ, "ಇನ್ನೊಂದು ಸಂಗತಿ ಉಂಟು," ಎಂದರು. "ಒಂದು ದಿನ ಮೂರು ಕಾಪಿ ಮಾಡಿ ಇಟ್ಟೆ. ಒಂದರಲ್ಲಿ ಬರ್ದು ಮುಗಿಸಿದೆ. ಎರಡನೆಯದು ತೆರೆದ್ರೆ ಅದರಲ್ಲಿಯೂ ನಾನು ಬರ್ದದ್ದೇ ಉಂಟು. ನಾನು ಅದನ್ನು ಮುಟ್ಟಿರ್ಲೇ ಇಲ್ಲ. ನನಗೇ ಕಣ್ಣು ಮಂಜಾಯ್ತೋ ಏನೋ ಅಂತ ಕಂಡಿತು."

"ಕಣ್ಣು ಮಂಜಾಗಿತ್ತು ಎಂದು ನೀವೇ ಹೇಳುತ್ತಿದ್ದೀರಿ."

"ಹಾಗಲ್ಲ ನಾನು ಹೇಳಿದ್ದು..."

"ಮುಟ್ಟದ ಫೈಲು ತಾನಾಗಿ ಬದಲಾಗುವುದಿಲ್ಲ ಅಕ್ಕ. ಯಾರಾದರೂ ಬರೆದರೆ ಬದಲಾಗುತ್ತದೆ. ಯಾರು ಬರೆದದ್ದು ಎಂದು ಈ ಕಾಗದದಲ್ಲಿದೆ. ಇದು ನಾನು ಬರೆದದ್ದಲ್ಲ, ಯಂತ್ರ ಬರೆದದ್ದು."

ಪಕ್ಕದ ಕಚೇರಿಯ ಬರಹಗಾರರು, "ಅಬ್ಬ, ವಕೀಲಿಕೆ ಕಲಿಬೇಕಿತ್ತು ನೀವು," ಎಂದು ನಕ್ಕರು. ನನಗೆ ಖುಷಿಯಾಯಿತು. ಇದನ್ನು ಬರೆಯದೆ ಬಿಡಬಹುದಿತ್ತು, ಬರೆಯುತ್ತೇನೆ. ನನಗೆ ಖುಷಿಯಾಯಿತು.

ಅಕ್ಕ ಕನ್ನಡಕ ತೆಗೆದು ಪೆಟ್ಟಿಗೆಯಲ್ಲಿಟ್ಟರು. ಮೇಜಿನ ಅಡಿಯಿಂದ ಬುತ್ತಿ ಚೀಲ, ಕೊಡೆ ತೆಗೆದರು. ಯಜಮಾನರು, "ನಾಳೆಯಿಂದ ಬೇಡಮ್ಮ," ಎಂದು ಹೇಳುವ ಮೊದಲೇ ಅವರು ಬಾಗಿಲಿನಲ್ಲಿದ್ದರು.

ಮುಂಡಾಜೆಯವರ ಪಾಲುಪಟ್ಟಿಯನ್ನು ಬಂಟ್ವಾಳದ ಟೈಪಿಸ್ಟ್ ಮರುದಿನ ಹಳೆಯ ಮೂಲಪತ್ರ ನೋಡಿ ಹೊಸದಾಗಿ ಟೈಪ್ ಮಾಡಿದರು. ತಮ್ಮ ಸಹಿ ಹಾಕಿ ವಿಮಾನ ಹತ್ತಿದ. ಬೆಳ್ತಂಗಡಿಗೆ ಹೊಸ ಹುಡುಗಿ ಬಂದಳು. ಅವಳು ಕೆಲಸ ಮಾಡಿದ್ದು ಹೊಸ ವರ್ಡ್ ಪ್ರೊಸೆಸರಿನಲ್ಲಿ. ಆಮೇಲೆ ಒಂದು ಫೈಲೂ ಹಾಳಾಗಲಿಲ್ಲ. "ನೋಡಿದ್ರಾ," ಎಂದರು ಯಜಮಾನರು, "ತಪ್ಪಿನ ಬೇರೇ ಹೋಯ್ತು." ನಾನೂ ಹಾಗೇ ಅಂದುಕೊಂಡೆ. ಅಕ್ಕ ಹೋದರು, ತಪ್ಪು ನಿಂತಿತು, ಆದ್ದರಿಂದ ತಪ್ಪು ಅಕ್ಕನದು. ಎದುರು ತಂಡದವರು ಹೀಗೆ ವಾದಿಸಿದ್ದರೆ ಅರ್ಧ ನಿಮಿಷದಲ್ಲಿ ಹರಿದು ಹಾಕುತ್ತಿದ್ದೆ.

ಒಂದೂವರೆ ತಿಂಗಳ ನಂತರ ಆ ಹುಡುಗಿ ಫೋನು ಮಾಡಿದಳು. ಹಳೆಯ ಪತ್ರಗಳು ಹಳೆಯ ತಂತ್ರಾಂಶದಲ್ಲಿಯೇ ಇದ್ದವು, ಅವಳಿಗೆ ತೆರೆಯಲು ಬರುತ್ತಿರಲಿಲ್ಲ. ಹೋದೆ. ಅವಳು ಒಂದು ನೋಟ್‌ಬುಕ್ ಮುಂದಿಟ್ಟಳು.

"ಅಕ್ಕನದ್ದು. ಯಾವ ಪತ್ರ ಯಾವುದರ ಮೇಲಿಂದ ತೆಗ್ದದ್ದು ಅಂತ ಎಲ್ಲ ಬರ್ದಿಟ್ಟಿದ್ದಾರೆ. ಇದು ಇಲ್ಲದಿದ್ರೆ ನಾನು ಎಂತ ಮಾಡ್ತಿದ್ದೆ ಮಾರಾಯ್ತಿ!"

ಎಡಬದಿಗೆ ಹೊಸ ಪತ್ರ, ಬಲಬದಿಗೆ ಅದು ಬಂದ ಹಳೆಯ ಪತ್ರ. ಕೊನೆಯ ಪುಟಗಳಲ್ಲಿ ನನ್ನ ಹನ್ನೊಂದು ಪತ್ರಗಳೂ, ಮುಂಡಾಜೆಯದೂ ಬಲಬದಿಯಲ್ಲಿದ್ದವು. ಒಂದೂ ಬಿಡದೆ ಎಲ್ಲವೂ ಕಾಪಿಯ ಮೂಲಗಳು. ಒಂದು ಕಡೆ ಮೂವರು ಅಕ್ಕತಂಗಿಯರ ಹಕ್ಕು ಬಿಡುಗಡೆ ಪತ್ರ ಎಂದಿತ್ತು. ಒಂದೇ ಹಳೆಯದರ ಮೇಲಿಂದ ಮೂರು. ಬದಿಯಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ: "ಎರಡನೆಯದು ಮುಟ್ಟದೆ ಬದಲಾಗಿದೆ. ಕೇಳಬೇಕು."

ಕೇಳಿದ್ದರು. ಉತ್ತರ ಕೊಟ್ಟವಳು ನಾನೇ.

ಆ ಯಂತ್ರದಲ್ಲಿ ಹಳೆಯ ತಂತ್ರಾಂಶ ಇನ್ನೂ ಇತ್ತು. ನಾನು ಅದನ್ನು ತೆರೆದದ್ದು ಅದೇ ಮೊದಲು. ಒಂದು ಪರೀಕ್ಷೆಯ ಪತ್ರ ಮಾಡಿ, ಮೂರು ಕಾಪಿ ಇಟ್ಟು, ಮೊದಲ ಕಾಪಿ ತೆರೆದು ಹೆಸರಿನ ಜಾಗದಲ್ಲಿ ನನ್ನ ಹೆಸರು ಹಾಕಿ ಸೇವ್ ಒತ್ತಿದೆ. ಎರಡನೆಯದನ್ನು ತೆರೆದೆ. ನನ್ನ ಹೆಸರು. ಮೂರನೆಯದರಲ್ಲಿಯೂ ನನ್ನ ಹೆಸರು. ಮೂಲದಲ್ಲಿಯೂ.

ವಿವರಿಸುವುದು ಕಷ್ಟವಲ್ಲ. ಕಾಪಿ ಮಾಡಿದೊಡನೆ ಪ್ರೋಗ್ರಾಂ ಅದೇ ವಿಷಯವೆಂದು ಗುರುತಿಸಿ ನಾಲ್ಕೂ ಹೆಸರುಗಳನ್ನು ಒಂದೇ ಪತ್ರಕ್ಕೆ ಅಂಟಿಸುತ್ತಿತ್ತು. ಹಳೆಯ ತಂತ್ರಾಂಶ ಖಾಲಿ ಮಾಡು ಎಂದಾಗ, ನಾನು ಅಳಿಸಿದ ಆ ನಾಲ್ಕು ಸಾಲುಗಳ ಕೃಪೆಯಿಂದ, ಎಲ್ಲರೂ ಹಂಚಿಕೊಂಡ ಆ ಒಂದೇ ಪತ್ರವನ್ನು ಖಾಲಿ ಮಾಡುತ್ತಿತ್ತು. ಹಾಗೆ ಕೇಳುತ್ತಿದ್ದದ್ದು ಅಕ್ಕನ ತಂತ್ರಾಂಶ ಮಾತ್ರ, ಹೊಸ ಹುಡುಗಿಯ ವರ್ಡ್ ಪ್ರೊಸೆಸರು ಬೇರೆ ಫೈಲಿನಲ್ಲಿ ಬರೆಯುತ್ತಿತ್ತು. ಹೇಗೂ ಖಾಲಿ ಮಾಡುವುದು ಎಂದು ವಾದಿಸಿದವಳು, ಅದು ಇನ್ನು ಯಾರದೆಲ್ಲ ಎಂದು ಕೇಳಿರಲಿಲ್ಲ. ದಾಖಲೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದದ್ದು ಒಳಗಿನ ನಂಬರು. ನಾನು ಪ್ರಿಂಟ್ ತೆಗೆಯುವಾಗ ಆ ನಂಬರಿನ ಎದುರು ಬರುತ್ತಿದ್ದದ್ದು ಅದಕ್ಕಿದ್ದ ಮೊದಲ ಹೆಸರು, ಅಂದರೆ ಹಳೆಯ ಪತ್ರದ್ದು. ಅಕ್ಕ ತೆರೆದದ್ದು ಕಾಪಿಯನ್ನು. ನನ್ನ ಕಾಗದ ಹೇಳಿದ್ದು ಮೂಲವನ್ನು.

ಎಲ್ಲವನ್ನೂ ಸಂಶಯಿಸುತ್ತೇನೆ ಎಂದು ಹೇಳಿಕೊಂಡು ತಿರುಗಿದವಳು ನಾನು. ದೇವರನ್ನು, ಪತ್ರಿಕೆಯನ್ನು, ನೆಂಟರ ವಾಟ್ಸಾಪನ್ನು. ನನ್ನ ಪ್ರೋಗ್ರಾಮಿನ ಪ್ರಿಂಟನ್ನು ಸಂಶಯಿಸಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಅಲ್ಲಿಯೇ ಕುಳಿತು, ನೆಟ್‌ವರ್ಕಿನ ಮೂಲಕ ಬಂಟ್ವಾಳದ ಯಂತ್ರದೊಳಗೆ ಹೋಗಿ ಸರಿಪಡಿಸಿದೆ. ಹಂಚಿಕೊಂಡ ಪತ್ರವಾದರೆ ಖಾಲಿ ಮಾಡಬೇಡ, ಕೇಳಿದವರಿಗೆ ಹೊಸ ಖಾಲಿ ಪತ್ರ ಕೊಡು. ನಕಲೂ ಬೇಕಾಗಿಲ್ಲ, ನಿಧಾನವೂ ಆಗುವುದಿಲ್ಲ. ಮೊದಲೇ ಹೀಗೆ ಮಾಡಬಹುದಿತ್ತು. ಮಧ್ಯಾಹ್ನದೊಳಗೆ ಮುಗಿಯಿತು. ಬಂಟ್ವಾಳಕ್ಕೆ ಬಂದು ಯಜಮಾನರಿಗೆ ಹೇಳಿದೆ.

ಅವರು ಪೂರ್ತಿ ಕೇಳಿದರು. ಬುದ್ಧಿವಂತರು, ಎರಡು ಸಲ ಹೇಳಬೇಕಾಗಲಿಲ್ಲ.

"ಈಗ ಸರಿ ಉಂಟಲ್ಲ?"

"ಸರಿ ಇದೆ. ಆದರೆ ಅಕ್ಕ..."

"ನೋಡಿ, ಟೈಪಿಸ್ಟಿನ ತಪ್ಪು ಅಂದ್ರೆ ಅಲ್ಲಿಗೆ ಮುಗಿತದೆ. ಮಿಷನಿನದ್ದು ಅಂದ್ರೆ ಮೂರೂ ಕಚೇರಿಯ ಪತ್ರದ ಮೇಲೆ ಜನರಿಗೆ ಸಂಶಯ ಬರ್ತದೆ. ಯಾರಿಗೂ ಹೇಳುದು ಬೇಡ."

"ಅವರನ್ನು ವಾಪಸು ಕರೆಯಿರಿ ಸರ್."

"ಎಂತ ಹೇಳಿ ಕರೀಲಿ? ಎಲ್ಲರ ಎದುರಿನಲ್ಲಿ ಅವರ ತಪ್ಪು ಅಂತ ತೋರ್ಸಿ ಕೊಟ್ಟದ್ದು ನಾನಲ್ಲ, ನೀವು."

ಮರುದಿನ ಮತ್ತೆ ಬೆಳ್ತಂಗಡಿಯ ಬಸ್ಸು ಹತ್ತಿದೆ.

ಅಕ್ಕನ ಮನೆ ಬೆಳ್ತಂಗಡಿ ಪೇಟೆಯ ಹಿಂದೆ, ಬಾಡಿಗೆಯ ಸಾಲುಮನೆ. ಮೊಣಕಾಲಿನ ಮೇಲೆ ಎಲೆ, ಹೊಗೆಸೊಪ್ಪಿನ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಟೈಪಿಂಗ್ ಕಲಿಯುವ ಮೊದಲು ಮಾಡುತ್ತಿದ್ದ ಕೆಲಸವಂತೆ. ಬೇರೆ ದಸ್ತಾವೇಜು ಕಚೇರಿಗಳಲ್ಲಿ ಕೇಳಿ ನೋಡಿದ್ದರು, ಮಾತು ಅವರಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಈ ಸಲ ನಾನು ತುಳುವಿನಲ್ಲಿಯೇ ಮಾತಾಡಿದೆ. ಎಲ್ಲ ಹೇಳಿದೆ, ಕ್ಷಮೆ ಕೇಳಿದೆ. ಅವರ ಕೈ ನಿಲ್ಲಲಿಲ್ಲ.

"ನಾನು ಮಾಡ್ಲಿಲ್ಲ ಅಂತ ನನಗೆ ಗೊತ್ತಿತ್ತು," ಎಂದರು. "ಅದನ್ನು ಹೇಳ್ಲಿಕ್ಕೆ ನೀವು ಇಷ್ಟು ದೂರ ಬರ್ಬೇಕಾಗಿರ್ಲಿಲ್ಲ. ಆ ದಿನ ಕೋಣೆಯಲ್ಲಿ ಇದ್ದವರಿಗೆ ಗೊತ್ತಿಲ್ಲ. ಅವರಿಗೆ ಹೇಳಿ."

ಯಜಮಾನರ ಮಾತು ಮೀರಬೇಕೋ ಬೇಡವೋ ಎಂದು ಎರಡು ದಿನ ತೂಗಿದೆ. ತೂಗಿದ್ದು ಎಂದರೆ ನನಗೆ ಅನುಕೂಲವಾದ ಕಾರಣಗಳನ್ನು ಸಾಲಾಗಿ ನಿಲ್ಲಿಸಿ ನೋಡಿದ್ದು. ಮೂರನೇ ದಿನ ಲ್ಯಾಪ್‌ಟಾಪಿನಲ್ಲಿ ತಪ್ಪಿದ್ದ ಹಳೆಯ ಪ್ರೋಗ್ರಾಮನ್ನೂ, ಅಕ್ಕನ ಹಳೆಯ ತಂತ್ರಾಂಶವನ್ನೂ ಹಾಕಿಕೊಂಡು ಬೆಳ್ತಂಗಡಿ ಕಚೇರಿಗೆ ಹೋದೆ. ಪಕ್ಕದ ಕಚೇರಿಯ ಬರಹಗಾರರು ಇದ್ದರು. ಮುಂಡಾಜೆಯ ಹಿರಿಯಣ್ಣನನ್ನು ಫೋನು ಮಾಡಿ ಕರೆಸಿದ್ದೆ. ನೋಂದಣಿಗೆ ಬಂದು ಕಾಯುತ್ತಿದ್ದ ನಾಲ್ಕೈದು ಜನರೂ ಸುತ್ತ ಸೇರಿದರು. ಜಗಲಿಯ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಮೂರು ಕಾಪಿ ಮಾಡಿದೆ. ಹಿರಿಯಣ್ಣನ ಕೈಯಿಂದಲೇ ಒಂದರಲ್ಲಿ ಬೇರೆ ಹೆಸರು ಹಾಕಿಸಿದೆ. ಉಳಿದವನ್ನು ತೆರೆದು ತೋರಿಸಿದೆ.

"ಎಂಥ ಮಾಯ ಇದು!" ಎಂದರು ಒಬ್ಬರು.

"ಮಾಯ ಅಲ್ಲ, ನನ್ನ ತಪ್ಪು. ಇಲ್ಲಿ ಇದ್ದ ಟೈಪಿಸ್ಟ್ ಅಕ್ಕ ಏನೂ ಮಾಡಿರಲಿಲ್ಲ. ಆ ದಿನ ನಾನು ಹೇಳಿದ್ದು ಸುಳ್ಳು."

ಪ್ರಶ್ನೆಗಳು ಸುರಿದವು. "ನಮ್ಮ ಕ್ರಯಪತ್ರ ಹೋದ ತಿಂಗಳು ಇಲ್ಲಿಯೇ ಆದದ್ದು, ಅದು ಸರಿ ಉಂಟಾ?" "ನೋಂದಣಿ ಆದ್ಮೇಲೆ ಹೀಗೆ ಬದಲಾಗ್ತದಾ?" "ಬಂಟ್ವಾಳದ್ದೂ ನೋಡ್ಬೇಕಾ ಹಾಗಾದ್ರೆ?" ನೋಂದಣಿಯಾದದ್ದಕ್ಕೆ ಏನೂ ಆಗುವುದಿಲ್ಲ, ಇದು ಕಚೇರಿಯ ಕರಡಿಗೆ ಮಾತ್ರ ಎಂದು ಹತ್ತು ಸಲ ಹೇಳಿದೆ. ಅಕ್ಕನ ಬಗ್ಗೆ ಒಬ್ಬರೂ ಒಂದು ಮಾತು ಕೇಳಲಿಲ್ಲ. ಕೊನೆಗೆ ಪಕ್ಕದ ಕಚೇರಿಯವರನ್ನು ಬದಿಗೆ ಕರೆದು, ಅಕ್ಕನಿಗೆ ಕೆಲಸ ಕೊಡುತ್ತೀರಾ ಎಂದೆ. ಅವರಿಗೆ ಟೈಪಿಸ್ಟ್ ಬೇಕಾಗಿತ್ತು, ಅದು ನನಗೆ ಗೊತ್ತಿತ್ತು.

"ಅವರು ಒಳ್ಳೆಯವ್ರೇ, ಇಲ್ಲ ಅಂತ ಹೇಳುದಿಲ್ಲ," ಎಂದರು. "ಆದ್ರೆ ಅವರ ಹೆಸರಿನಲ್ಲಿ ಒಂದು ಗಲಾಟೆ ಆಯ್ತಲ್ಲ."

"ಆ ಗಲಾಟೆ ಸುಳ್ಳು ಎಂದು ಈಗ ತಾನೆ ತೋರಿಸಿದೆ."

"ಹೌದೌದು. ಆದ್ರೂ ಗಲಾಟೆ ಆದದ್ದು ಹೌದಲ್ಲ."

ಯಜಮಾನರಿಗೆ ಸಂಜೆಯೊಳಗೆ ಸುದ್ದಿ ಮುಟ್ಟಿತು. ಬೈದರು. ನನ್ನನ್ನು ಬಿಡಿಸಲಿಲ್ಲ. ಬಿಡಿಸುವಂತಿರಲಿಲ್ಲ, ಮೂರು ಕಚೇರಿಗಳ ಫೈಲುಗಳು ನನ್ನ ಪ್ರೋಗ್ರಾಮಿನ ಹೊಟ್ಟೆಯಲ್ಲಿದ್ದವು. ಟೈಪಿಸ್ಟನ್ನಾದರೆ ಬಿಡಿಸಬಹುದಿತ್ತು.

ಜಗಲಿಯಲ್ಲಿ ಆದದ್ದನ್ನು ಅಕ್ಕನಿಗೆ ಹೇಳಲು ಹೋದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಕೈಯಲ್ಲಿದ್ದ ಬೀಡಿ ಕಟ್ಟಿ ಇನ್ನೊಂದು ಎಲೆ ತೆಗೆದುಕೊಳ್ಳುತ್ತ, "ಮುಂಡಾಜೆಯವರ ಪಾಲುಪಟ್ಟಿ ಮತ್ತೆ ಯಾರು ಬರ್ದದ್ದು?" ಎಂದು ಕೇಳಿದರು.

"ಬಂಟ್ವಾಳದವರು. ಹಳೆಯ ಮೂಲಪತ್ರ ನೋಡಿ."

ಅಕ್ಕನ ಕೈ ಈಗ ನಿಂತಿತು. "ಮೂಲಪತ್ರದಲ್ಲಿ ಪೂರ್ವಕ್ಕೆ ನೀರಿನ ತೋಡು ಅಂತ ಉಂಟು. ಅದು ತಪ್ಪು. ತೋಡು ಆಚೆ, ಮಧ್ಯದಲ್ಲಿ ಓಣಿ ಉಂಟು. ಅವರ ದೊಡ್ಡಣ್ಣ ಹೇಳಿ ನಾನು ಸರಿ ಮಾಡಿ ಇಟ್ಟದ್ದು. ಈಗ ಹೇಗೆ ಹೋಗಿದೆ ನೋಡಿ."

ನೋಡಿದೆ. ತೋಡು ಎಂದೇ ನೋಂದಣಿಯಾಗಿತ್ತು. ಅಕ್ಕ ಮಾಡಿದ ತಿದ್ದುಪಡಿ ಇದ್ದದ್ದು ನನ್ನ ಪ್ರೋಗ್ರಾಂ ಖಾಲಿ ಮಾಡಿದ ಆ ಕರಡಿನಲ್ಲಿ ಮಾತ್ರ. ಅವಸರದಲ್ಲಿ ಸಹಿ ಹಾಕಿದ ಅಣ್ಣತಮ್ಮಂದಿರು ಗಮನಿಸಿರಲಿಲ್ಲ. ಈಗ ತಿದ್ದುಪಡಿ ಪತ್ರ ಆಗಬೇಕು, ಎಲ್ಲರ ಸಹಿ ಬೇಕು, ತಮ್ಮ ಮತ್ತೊಮ್ಮೆ ರಜೆ ಹಾಕಿ ದುಬೈಯಿಂದ ಬರಬೇಕು. ಇಲ್ಲದಿದ್ದರೆ ಆ ಓಣಿ ಯಾರದು ಎಂದು ಮುಂದಿನ ತಲೆಮಾರು ಹೊಡೆದಾಡಬೇಕು.

ಬಂಟ್ವಾಳಕ್ಕೆ ಹೋಗಿ ಯಜಮಾನರ ಮೇಜಿನ ಮೇಲೆ ಪತ್ರದ ಪ್ರತಿ ಇಟ್ಟು, ಯಾರು ಸರಿ ಮಾಡಿಟ್ಟಿದ್ದರು, ಅದು ಹೇಗೆ ಅಳಿಸಿತು, ಎಲ್ಲ ಹೇಳಿದೆ. ಅವರು ಓದಿ, ನಿಟ್ಟುಸಿರುಬಿಟ್ಟು, ಮುಂಡಾಜೆಗೆ ಫೋನು ಹಚ್ಚಿದರು.

"ಹಾಂ, ನಮಸ್ಕಾರ. ಒಂದು ಸಣ್ಣ ತಪ್ಪು ಆಗಿದೆ ಮಾರಾಯ್ರೆ, ಚಕ್ಕುಬಂದಿಯಲ್ಲಿ... ಹೌದು... ಅದು ನಮ್ಮ ಆ ಹಳೆಯ ಟೈಪಿಸ್ಟ್ ಇದ್ದರಲ್ಲ, ಅವರು ಮಾಡಿದ ಗೋಜಲಿನಿಂದಲೇ ಆದದ್ದು..."

"ಫೋನ್ ಕೊಡಿ ಸರ್," ಎಂದೆ.

ಅವರು ನನ್ನ ಕಡೆಗೆ ಅಂಗೈ ತೋರಿಸಿ, ಕುರ್ಚಿ ಆಚೆ ತಿರುಗಿಸಿಕೊಂಡು ಮಾತು ಮುಂದುವರಿಸಿದರು.